ಬುಟ್ಟಿ ತೂಗುಹಾಕಿದ ಗೇಟು

ನಮ್ಮ ಗೆಳೆಯನೊಬ್ಬ ಲಂಡನ್ನಿಗೆ ಓದಲಿಕ್ಕೆ ಹೋದ. ಹಟ್ಟಿಯಿಂದ ಹೋದ ಹುಡುಗ. ಹೋದ ಮೊದಲ ವಾರವೇ ಅವನು ಮಾಡಿದ ಕೆಲಸ ಅಂದರೆ, ಬಾಬಾಸಾಹೇಬರು 1916ರಲ್ಲಿ ಬ್ಯಾರಿಸ್ಟರ್ ಓದಿಗೆ ಸೇರಿದ ಗ್ರೇಸ್ ಇನ್ ನೋಡಿದ್ದು. ಅಲ್ಲಿಂದ ಅವರು ಕೂತು ಓದುತ್ತಿದ್ದ ಬ್ರಿಟಿಷ್ ಮ್ಯೂಸಿಯಮ್ಮಿನ ಕಡೆಗೆ ಕಾಲುನಡಿಗೆಯಲ್ಲಿ ಹೊರಟ. ದಾರಿ ತಪ್ಪಿ ಸ್ವಲ್ಪ ಉತ್ತರಕ್ಕೆ, ಗಿಲ್ಫರ್ಡ್ ಸ್ಟ್ರೀಟ್ ಅನ್ನೋ ಬೀದಿಗೆ ಬಂದ. ಅಲ್ಲೊಂದು ದೊಡ್ಡ ಗೇಟು. ಅಕ್ಕಪಕ್ಕದಲ್ಲಿ ಎರಡು ಸಣ್ಣ ಕಾವಲು ಮನೆ. ಒಳಗೆ ಬಯಲು, ಮರಗಳು, ಬಿಳಿ ಕಂಬಸಾಲಿನ ಉದ್ದ ಮೊಗಸಾಲೆ. ಕಾಲು ಸೋತಿದ್ದವು, ಒಳಗೆ ಕೂತು ಬುತ್ತಿ ಬಿಚ್ಚೋಣ ಅಂತ ಹೋದ. ಬೋರ್ಡು ಕಂಡಿತು: ಮಗು ಜೊತೆಗಿಲ್ಲದ ದೊಡ್ಡವರಿಗೆ ಪ್ರವೇಶವಿಲ್ಲ.

ವಾಪಸು ಬಂದವನು ಅವತ್ತು ರಾತ್ರಿಯೇ ನಮಗೆ ಬರೆದ. “ಇಲ್ಲೂ ಗೇಟು ಕಣ್ರೋ. ಏಳು ಸಮುದ್ರ ದಾಟಿ ಬಂದ್ರೂ ನಮ್ಮನ್ನ ಕಂಡ್ರೆ ಗೇಟಿಗೆ ಆಗಲ್ಲ.”

ಓದಿ ನಾವೂ ಕುದ್ದೆವು. ಮುಂದಿನ ಸಂಚಿಕೆಯಲ್ಲಿ ಹಾಕಿಬಿಡೋಣ ಅಂತ ಒಬ್ಬರು ಎದ್ದೇಬಿಟ್ಟರು. ನಮ್ಮ ಗುಂಪಿನ ಮೇಷ್ಟ್ರೊಬ್ಬರು, ಪ್ರೈಮರಿ ಶಾಲೆಯವರು, ಕೇಳಿದರು: “ಅಲ್ರಪ್ಪಾ, ಆ ದೇಶದ ಪ್ರಧಾನಮಂತ್ರಿ ಒಬ್ಬನೇ ಬಂದ್ರೆ ಬಿಡ್ತಾರಾ?” ಬಿಡುವುದಿಲ್ಲ. ಆ ನಿಯಮ ಎಲ್ಲ ದೊಡ್ಡವರಿಗೂ ಒಂದೇ. ಮಕ್ಕಳ ಆಟದ ಬಯಲು ಅದು, ಮಕ್ಕಳ ರಕ್ಷಣೆಗಾಗಿ ಹಾಕಿದ ಬೋರ್ಡು. ನಾವು ಸುಮ್ಮನಾದೆವು. ಗೇಟು ಕಂಡ ಕೂಡಲೇ ಮೈಯೆಲ್ಲ ಉರಿಯುವುದು ನಮಗೆ ತಲೆತಲಾಂತರದಿಂದ ಬಂದದ್ದು. 1930ರಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಬಾಗಿಲು ಮುಚ್ಚಿದ್ದು ಯಾರ ಮುಖಕ್ಕೆ ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಆದರೆ ಉರಿಯೊಂದೇ ಸಾಲದು. ಈ ಗೇಟು ಯಾರದು, ಯಾವಾಗ ಯಾರನ್ನು ತಡೆಯಿತು, ಯಾರಿಗೆ ತೆರೆಯಿತು ಅಂತ ಹುಡುಕುತ್ತ ಹೋದೆವು. ಗೆಳೆಯನಿಗೆ ಕಂಡದ್ದಕ್ಕಿಂತ ದೊಡ್ಡ ಅನ್ಯಾಯ ಅದರೊಳಗೆ ಇತ್ತು. ಅದನ್ನು ಹೇಳಲಿಕ್ಕೇ ಈ ಬರಹ.

ಅದು ಒಂದು ಆಸ್ಪತ್ರೆಯ ಗೇಟು. ಫೌಂಡ್ಲಿಂಗ್ ಹಾಸ್ಪಿಟಲ್ ಅಂತ ಹೆಸರು. ಹಾಸ್ಪಿಟಲ್ ಅಂದರೆ ಆ ಕಾಲದ ಇಂಗ್ಲಿಷಿನಲ್ಲಿ ಡಾಕ್ಟರು ಸೂಜಿ ಚುಚ್ಚುವ ಜಾಗ ಅಂತಲೇ ಅಲ್ಲ. ದಿಕ್ಕಿಲ್ಲದವರಿಗೆ ಆಸರೆ ಕೊಡುವ ಛತ್ರಕ್ಕೂ ಅದೇ ಮಾತು. ಫೌಂಡ್ಲಿಂಗ್ ಅಂದರೆ ಬೀದಿಯಲ್ಲಿ ಸಿಕ್ಕ ಕೂಸು. ಥಾಮಸ್ ಕೋರಂ ಎಂಬ ಹಡಗಿನ ಕಪ್ತಾನ, ಹೆಚ್ಚು ಓದಿಲ್ಲದ ಒರಟು ಮನುಷ್ಯ, ಅಮೆರಿಕದಲ್ಲಿ ಹಡಗು ಕಟ್ಟಿಸಿ ವ್ಯಾಪಾರ ಮಾಡಿ ಲಂಡನ್ನಿಗೆ ವಾಪಸಾದವನು, ದಿನಾ ನಡೆದು ಹೋಗುವ ದಾರಿಯಲ್ಲಿ ಕೂಸುಗಳು ಬಿದ್ದಿರುವುದನ್ನು ಕಂಡ. ಕೆಲವು ಸತ್ತಿದ್ದವು, ಕೆಲವು ಸಾಯುತ್ತಿದ್ದವು. ತಿಪ್ಪೆಯ ಮೇಲೆ. ನಮ್ಮ ಕಡೆ ಹುಟ್ಟಿದ ಮಕ್ಕಳೆಲ್ಲ ಸಾಯ್ತಾ ಹೋದರೆ ಮುಂದಿನ ಕೂಸನ್ನು ತಿಪ್ಪೆ ಮೇಲೆ ಹೊರಳಿಸಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಅಂತ ಹೆಸರಿಡುತ್ತಾರೆ, ಸಾವಿನ ಕಣ್ಣಿಗೆ ಬೀಳದಿರಲಿ ಅಂತ. ಲಂಡನ್ನಿನ ತಿಪ್ಪೆಯಲ್ಲಿ ಎತ್ತಿಕೊಳ್ಳುವವರೇ ಇರಲಿಲ್ಲ.

ಕೋರಂ 17 ವರ್ಷ ಅಲೆದ. ಶ್ರೀಮಂತರ ಮನೆ ಬಾಗಿಲು ತಟ್ಟಿದ, ಬೈಸಿಕೊಂಡ. ಕೊನೆಗೆ ದೊಡ್ಡ ಮನೆತನದ ಹೆಂಗಸರ ಸಹಿ ಹಾಕಿಸಿ, ಅದರ ಬಲದಿಂದ 1739ರಲ್ಲಿ ರಾಜನ ಸನದು ತಂದ. ಈ ಮುದುಕನ ಬಗ್ಗೆ ನಮಗೆ ಜಗಳವಿಲ್ಲ. ಸಂಸ್ಥೆ ನಿಂತ ಮೂರು ವರ್ಷದಲ್ಲೇ, 1742ರ ಹೊತ್ತಿಗೆ, ಅವನನ್ನು ಆಡಳಿತ ಸಮಿತಿಯಿಂದಲೇ ಹೊರಗೆ ಹಾಕಿದ್ದರು. ಕಟ್ಟಿದವನೇ ಗೇಟಿನ ಹೊರಗೆ. ಇದು ಯಾವ ಸಂಘಟನೆಯಲ್ಲಿ ಆಗಿಲ್ಲ ಹೇಳಿ!

1741ರ ಮಾರ್ಚ್ 25ರ ರಾತ್ರಿ, ಇನ್ನೂ ಸ್ವಂತ ಕಟ್ಟಡ ಇರಲಿಲ್ಲ, ಹ್ಯಾಟನ್ ಗಾರ್ಡನ್ ಎಂಬಲ್ಲಿ ಬಾಡಿಗೆ ಮನೆ. ಎಂಟು ಗಂಟೆಗೆ ಬಾಗಿಲ ದೀಪ ಆರಿಸಿದರು. ಬರುವ ತಾಯಂದಿರ ಮುಖ ಯಾರಿಗೂ ಕಾಣಬಾರದು ಅಂತ. ನಡುರಾತ್ರಿಯ ಹೊತ್ತಿಗೆ 30 ಕೂಸು ತುಂಬಿದವು, ಜಾಗ ಮುಗಿಯಿತು, ಬಾಗಿಲು ಹಾಕಿದರು. ಒಳಗೆ ಕೂಸು ಕೊಟ್ಟವಳೂ ಅತ್ತಳು, ಕೊಡಲಾಗದೆ ಉಳಿದವಳೂ ಅತ್ತಳು. ಯಾರ ಅಳು ದೊಡ್ಡದು ಅಂತ ಹೇಳಲಾರದ ಹಾಗಿತ್ತು ಅಂತ ಅವತ್ತು ದಾಖಲೆ ಬರೆದವರೇ ಬರೆದಿದ್ದಾರೆ. ಆ ದೀಪ ಆರಿಸಿದ ಕೈಗೆ ನಾವು ಒಂದು ನಮಸ್ಕಾರ ಹಾಕುತ್ತೇವೆ. ಇಡೀ ಕಥೆಯಲ್ಲಿ ತಾಯಿಯ ಮಾನ ಕಾಪಾಡಲಿಕ್ಕೆ ಬಾಗಿಲ ಕಡೆಯವರು ಮಾಡಿದ ಒಂದು ಒಳ್ಳೆ ಕೆಲಸ ಅದು.

ಜನ ಹೆಚ್ಚಾದರು, ಜಾಗ ಕಡಿಮೆ. ಆಗ ದಣಿಗಳು ಏನು ಮಾಡಿದರು ಗೊತ್ತಾ? ಒಂದು ಚೀಲದಲ್ಲಿ ಮೂರು ಬಣ್ಣದ ಗೋಲಿ ಹಾಕಿದರು. ತಾಯಿ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಚೀಲಕ್ಕೆ ಕೈ ಹಾಕಬೇಕು. ಬಿಳಿ ಗೋಲಿ ಬಂದರೆ ಕೂಸಿಗೆ ಅಂಟುರೋಗ ಇಲ್ಲವೋ ಅಂತ ನೋಡಿ ಒಳಗೆ. ಕೆಂಪು ಬಂದರೆ ಕಾಯಬೇಕು, ಬಿಳಿ ಬಂದವಳ ಕೂಸು ರೋಗದಿಂದ ತಿರಸ್ಕಾರವಾದರೆ ಇವಳಿಗೆ ಸರದಿ. ಅಂದರೆ ಇನ್ನೊಬ್ಬಳ ಕೂಸಿಗೆ ರೋಗ ಇರಲಿ ಅಂತ ದೇವರನ್ನು ಬೇಡುತ್ತ ಕೂರಬೇಕು. ಕಪ್ಪು ಬಂದರೆ ಕೂಸು ಎತ್ತಿಕೊಂಡು ಗೇಟಿನಾಚೆ ನಡಿ. ಇದನ್ನು ನೋಡಲಿಕ್ಕೆ ರೇಷ್ಮೆ ಗೌನಿನ ಹೆಂಗಸರು ಬಂದು ನಿಲ್ಲುತ್ತಿದ್ದರು. 1749ರ ಚಿತ್ರವೊಂದರಲ್ಲಿ ಅವರೂ ಇದ್ದಾರೆ, ಬೀಸಣಿಗೆ ಹಿಡಿದು. ಬಡತನದ ಜೂಜು ನೋಡುವುದು ಆ ಊರಿನ ದೊಡ್ಡವರಿಗೆ ಒಂದು ಸಂಜೆಯ ಹೊತ್ತುಗಳೆತ.

ಲಾಟರಿಯಲ್ಲಿ ಮೋಸ ಇಲ್ಲ, ಎಲ್ಲರಿಗೂ ಒಂದೇ ಅವಕಾಶ ಅಂತ ಈಗಲೂ ವಾದ ಮಾಡುವವರು ಇದ್ದಾರೆ. ನಮ್ಮ ಹಾಸ್ಟೆಲ್ ಸೀಟಿನ ವಿಷಯದಲ್ಲೂ ಈ ಮಾತು ಕೇಳಿದ್ದೇವೆ. 100 ಮಕ್ಕಳಿಗೆ 20 ಸೀಟು ಇಟ್ಟು ಚೀಟಿ ಎತ್ತಿಸಿದರೆ, ಮಿಕ್ಕ 80ರ ಪಾಪ ಚೀಟಿಯ ತಲೆಗೆ. 80 ಸೀಟು ಕಟ್ಟದವನ ಕೈ ಶುದ್ಧ.

ಸ್ವಂತ ಕಟ್ಟಡ 1745ರಲ್ಲಿ ಮೊದಲ ಭಾಗ ಮುಗಿಯಿತು. ಥಿಯೋಡೋರ್ ಜೇಕಬ್‌ಸನ್ ನಕ್ಷೆ ಹಾಕಿದ. ಹೊಗಾರ್ತ್ ಎಂಬ ದೊಡ್ಡ ಚಿತ್ರಕಾರ ಚಿತ್ರ ಕೊಟ್ಟ, ಹ್ಯಾಂಡಲ್ ಎಂಬ ಸಂಗೀತಗಾರ 1749ರಿಂದ ಇದಕ್ಕಾಗಿ ಕಛೇರಿ ಮಾಡಿದ. ಭಾನುವಾರ ಶ್ರೀಮಂತರು ಗಾಡಿ ಕಟ್ಟಿಕೊಂಡು ಈ ಗೇಟಿನೊಳಗೆ ಬರುವರು. ಚರ್ಚಿನಲ್ಲಿ ಅನಾಥ ಮಕ್ಕಳು ಹಾಡುವುದನ್ನು ಕೇಳುವರು. ಆಮೇಲೆ ಆ ಮಕ್ಕಳು ಸಾಲಾಗಿ ಕೂತು ಉಣ್ಣುವುದನ್ನು ನಿಂತು ನೋಡುವರು. ಉಣ್ಣುವುದನ್ನು ನೋಡಲಿಕ್ಕೆ! ನಮ್ಮೂರಲ್ಲಿ ಗೌಡರ ಮನೆ ಮದುವೆಯಲ್ಲಿ ಕೊನೇ ಪಂಕ್ತಿಗೆ ಹಿತ್ತಲಲ್ಲಿ ಕೂತು ಉಂಡವರಿಗೆ ಆ ಕಣ್ಣುಗಳು ಹೇಗಿರುತ್ತವೆ ಅಂತ ಗೊತ್ತು.

ಇನ್ನು ಬುಟ್ಟಿಯ ವಿಷಯ. 1756ರಲ್ಲಿ ಪಾರ್ಲಿಮೆಂಟು 10,000 ಪೌಂಡ್ ಕೊಟ್ಟು ಒಂದು ಷರತ್ತು ಹಾಕಿತು: ಬಂದ ಕೂಸುಗಳನ್ನೆಲ್ಲ ತೆಗೆದುಕೊಳ್ಳಬೇಕು. ಗೋಲಿ ಇಲ್ಲ, ಪ್ರಶ್ನೆ ಇಲ್ಲ. ಗೇಟಿನ ಹೊರಗಡೆ ಒಂದು ಬುಟ್ಟಿ ತೂಗುಹಾಕಿದರು. ಕೂಸನ್ನು ಬುಟ್ಟಿಯಲ್ಲಿಟ್ಟು ಗಂಟೆ ಹೊಡೆದು ಹೋಗಬಹುದು, ಕಾವಲುಗಾರ ಬಂದು ಎತ್ತಿಕೊಳ್ಳುತ್ತಾನೆ. ಜೂನ್ 2ರಂದು ಮೊದಲ ದಿನ 117 ಕೂಸು. ಹಳ್ಳಿಹಳ್ಳಿಯಿಂದ ಬಂದವು. ಸಾಗಾಣಿಕೆ ಮಾಡುವವರು ಕಾಸು ತೆಗೆದುಕೊಂಡು, ಕುದುರೆಯ ಎರಡೂ ಬದಿಗೆ ಹೆಡಿಗೆ ಕಟ್ಟಿ, ಕೂಸುಗಳನ್ನು ಕೋಳಿಮರಿಗಳ ಹಾಗೆ ತುಂಬಿಕೊಂಡು ತಂದರು. ದಾರಿಯಲ್ಲೇ ಎಷ್ಟೋ ಸತ್ತವು. ಪ್ಯಾರಿಶ್ ಅಂದರೆ ಒಂದು ಚರ್ಚಿಗೆ ಸೇರಿದ ಊರುಕೇರಿ. ಬಡವರನ್ನು ನೋಡಿಕೊಳ್ಳುವ ಭಾರ ಅದರದು. ಆ ಪ್ಯಾರಿಶ್ ಅಧಿಕಾರಿಗಳೇ ತಮ್ಮ ಖರ್ಚು ಉಳಿಯಿತು ಅಂತ ತಾಯಂದಿರಿಂದ ಕೂಸು ಕಿತ್ತು ಇಲ್ಲಿಗೆ ಸಾಗಿಸಿದ್ದೂ ಉಂಟು. 1760ರ ಮಾರ್ಚಿನವರೆಗೆ, ನಾಲ್ಕು ವರ್ಷ ತುಂಬುವುದರೊಳಗೆ, 14,934 ಕೂಸುಗಳು ಆ ಗೇಟು ದಾಟಿದವು. ಬೆಳೆದು ಕೆಲಸ ಕಲಿಯುವ ವಯಸ್ಸಿಗೆ ಬಂದವರು ಸುಮಾರು 4,400. ಮಿಕ್ಕವರು ಮಣ್ಣಾದರು.

1760ರಲ್ಲಿ ಪಾರ್ಲಿಮೆಂಟು ಕೈ ಎತ್ತಿತು. ಬುಟ್ಟಿ ಇಳಿಸಿದರು.

ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಉಳ್ಳವರು ಈ ಅಂಕಿಯನ್ನು ಹೇಗೆ ಓದಿದರು? ನೋಡಿದಿರಾ, ಗೇಟು ಎಲ್ಲರಿಗೂ ತೆರೆದರೆ ಹೀಗಾಗುತ್ತದೆ. ಸೂಳೆಗಾರಿಕೆಗೆ ಕುಮ್ಮಕ್ಕು, ಖಜಾನೆಗೆ ನಷ್ಟ, ಕೂಸುಗಳಿಗೆ ಸಾವು. ಆದ್ದರಿಂದ ಯೋಗ್ಯರನ್ನು ಮಾತ್ರ ಆರಿಸಿ ಒಳಗೆ ಬಿಡಬೇಕು. ಇದೇ ವಾದವನ್ನು ನಾವು ದಿನಾ ಕೇಳುತ್ತೇವೆ. ಎಲ್ಲರಿಗೂ ಅಕ್ಕಿ ಕೊಟ್ಟರೆ ಸೋಮಾರಿಗಳಾಗುತ್ತಾರೆ. ಎಲ್ಲರಿಗೂ ಕಾಲೇಜು ತೆರೆದರೆ ಮಟ್ಟ ಇಳಿಯುತ್ತದೆ. ಎಲ್ಲರಿಗೂ ಅನ್ನೋ ಮಾತು ಬಂದ ಕೂಡಲೇ ಇವರಿಗೆ ಹೊಟ್ಟೆನೋವು.

ನಾವು ಹೇಳುತ್ತೇವೆ: ಆ ಕೂಸುಗಳನ್ನು ಕೊಂದದ್ದು ತೆರೆದ ಗೇಟಲ್ಲ. ಗೇಟಿನವರೆಗಿನ ದಾರಿ ಕೊಂದಿತು. ಹೆತ್ತವಳಿಗೆ ಕೂಲಿ ಇಲ್ಲ, ಮನೆಕೆಲಸದವಳು ಬಸುರಾದರೆ ಬೀದಿಗೆ. ಬಸುರು ಮಾಡಿದ ದಣಿಗೆ ಯಾವ ಗೇಟೂ ಇಲ್ಲ. ಕೂಸು ಇಲ್ಲಿಗೆ ಬರುವ ಹೊತ್ತಿಗೆ ಅರ್ಧ ಸತ್ತಿರುತ್ತಿತ್ತು. ಹಾಲೂಡಿಸುವ ದಾದಿಯರು ಸಾಲದೆ ಹೋದರು. ಇಡೀ ದೇಶದ ಬಡತನವನ್ನು ಒಂದು ಬುಟ್ಟಿಯೊಳಗೆ ತುಂಬಿ, ಬುಟ್ಟಿ ಹರಿಯಿತು ಅಂತ ಬುಟ್ಟಿಗೆ ಬೈದರು.

ಬೇಕಾದರೆ ಇನ್ನೊಂದು ಲೆಕ್ಕ ನೋಡಿ. ಜೋನಸ್ ಹ್ಯಾನ್‌ವೇ ಅಂತ ಇದೇ ಆಸ್ಪತ್ರೆಯ ಆಡಳಿತದವನೊಬ್ಬ ಲಂಡನ್ನಿನ ಪ್ಯಾರಿಶ್‌ಗಳ ಬಡಮನೆಗಳಿಗೆ ತಾನೇ ಹೋಗಿ ರಿಜಿಸ್ಟರು ತೆಗೆಸಿ ನೋಡಿದ. ಅಲ್ಲಿಗೆ ಸೇರಿದ ಹಸುಗೂಸುಗಳಲ್ಲಿ ಬದುಕಿದ್ದು ತೀರ ಅಪರೂಪ. ಅವನು ಬಿಡದೆ ಬರೆದ, ಅಂಕಿ ಅಚ್ಚು ಹಾಕಿಸಿದ. 1767ರಲ್ಲಿ ಕಾನೂನು ಬಂತು: ಲಂಡನ್ ಪ್ಯಾರಿಶ್‌ಗಳ ಚಿಕ್ಕ ಮಕ್ಕಳನ್ನೆಲ್ಲ ಊರ ಹೊರಗೆ, ಹಳ್ಳಿಯ ದಾದಿಯರ ಕೈಯಲ್ಲಿ ಸಾಕಿಸಬೇಕು, ಖರ್ಚು ಪ್ಯಾರಿಶ್‌ದು. ಯೋಗ್ಯ ಅಯೋಗ್ಯ ಅಂತ ಇಲ್ಲ, ಎಲ್ಲ ಮಕ್ಕಳೂ. ಸಾವು ಕಡಿಮೆಯಾಯಿತು. ಬಡಜನ ಅದನ್ನು ಮಕ್ಕಳನ್ನು ಬದುಕಿಸುವ ಕಾಯ್ದೆ ಅಂತ ಕರೆದರಂತೆ. ಹೊಗಾರ್ತನ ಚಿತ್ರ, ಹ್ಯಾಂಡಲನ ಸಂಗೀತ, ರಾಣಿಯರ ಕಣ್ಣೀರು ಸೇರಿ ಮಾಡಲಾಗದ್ದನ್ನು ನಾಲ್ಕು ಸಾಲಿನ ಕಾನೂನು ಮಾಡಿತು. ಆ ಕಾನೂನಿಗೆ ಕಂಬಸಾಲಿಲ್ಲ, ಕಾವಲು ಮನೆ ಇಲ್ಲ. ಆದ್ದರಿಂದ ಯಾವ ಪ್ರವಾಸಿಯೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದಿಲ್ಲ.

ಬುಟ್ಟಿ ಇಳಿಸಿದ ಮೇಲೆ ಗೇಟು ಪೂರ್ತಿ ಮುಚ್ಚಿತೇ? ಇಲ್ಲ. ಕಾಸಿದ್ದವರಿಗೆ ತೆರೆದಿತ್ತು. 100 ಪೌಂಡ್ ಕಟ್ಟಿದರೆ ಯಾವ ಕೂಸನ್ನಾದರೂ ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ತೆಗೆದುಕೊಳ್ಳುವ ಪದ್ಧತಿ 1801ರವರೆಗೆ ನಡೆಯಿತು. ಬಡವಿಗೆ ನೂರು ಪ್ರಶ್ನೆ, ಧಣಿಗೆ ನೂರು ಪೌಂಡ್.

ಬಡವಿಯ ಪ್ರಶ್ನೆಗಳು ಯಾವುವು ಅಂತ ಕೇಳಿ. 1763ರಿಂದ ಅರ್ಜಿ ಬರೆದು ಕೊಡುವ ಪದ್ಧತಿ. 1801ರ ಮೇಲೆ ನಿಯಮ ಇನ್ನೂ ಬಿಗಿ. ಕೂಸು ಮದುವೆಯಿಲ್ಲದೆ ಹುಟ್ಟಿದ್ದಿರಬೇಕು, ಅದೂ ಮೊದಲನೆಯದು. ತಂದೆ ಕೈಬಿಟ್ಟು ಹೋಗಿರಬೇಕು. ತಾಯಿ ಅದಕ್ಕೆ ಮುಂಚೆ ಒಳ್ಳೆ ನಡತೆಯವಳು ಅಂತ ಯಾರಾದರೂ ಹೇಳಬೇಕು. ಕೂಸು ತೆಗೆದುಕೊಂಡರೆ ಅವಳು ಮತ್ತೆ ಮಾನವಾಗಿ ದುಡಿದು ತಿನ್ನುವ ಹಾಗಿರಬೇಕು. ಇದನ್ನೆಲ್ಲ ಅವಳು ಗಂಡಸರ ಸಮಿತಿಯ ಮುಂದೆ ನಿಂತು ಬಾಯಿಬಿಟ್ಟು ಹೇಳಬೇಕು: ಯಾವಾಗ, ಎಲ್ಲಿ, ಯಾರು, ಎಷ್ಟು ಸಲ. ಅವಳ ಮಾತು ನಿಜವೋ ಸುಳ್ಳೋ ಅಂತ ಆಮೇಲೆ ವಿಚಾರಣೆ ಬೇರೆ. 1741ರಲ್ಲಿ ಮುಖ ಕಾಣದಿರಲಿ ಅಂತ ದೀಪ ಆರಿಸಿದ ಸಂಸ್ಥೆಯೇ ಇದು! ಅರವತ್ತು ವರ್ಷದಲ್ಲಿ ದೀಪವನ್ನು ನೇರ ಅವಳ ಮುಖಕ್ಕೇ ಹಿಡಿಯಿತು.

ಈ ಪ್ರಶ್ನೆಗಳ ವಾಸನೆ ನಮಗೆ ಹೊಸದಲ್ಲ. ಆದಾಯ ಸರ್ಟಿಫಿಕೇಟ್ ತಂದೆಯಾ, ಜಾತಿ ಸರ್ಟಿಫಿಕೇಟ್ ತಂದೆಯಾ, ಕಾರ್ಡೆಲ್ಲಿ, ಜೆರಾಕ್ಸ್ ಎಲ್ಲಿ. 2022ರ ನವೆಂಬರಿನಲ್ಲಿ ನಮ್ಮ ರಾಜ್ಯದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಆಧಾರ್ ಕಾರ್ಡೂ ತಾಯಿ ಕಾರ್ಡೂ ಇಲ್ಲ ಅಂತ ಹೆರಿಗೆ ನೋವಿನಲ್ಲಿದ್ದ ಹೆಣ್ಣುಮಗಳನ್ನು ವಾಪಸು ಕಳಿಸಿದರು, ಆಕೆ ಮನೆಯಲ್ಲಿ ಹೆತ್ತು, ಅವಳಿ ಕೂಸುಗಳ ಜೊತೆಗೇ ಸತ್ತಳು ಅಂತ ಎಲ್ಲ ಪತ್ರಿಕೆಗಳಲ್ಲೂ ಬಂತು. ಆ ಆಸ್ಪತ್ರೆಗೆ ಹೊಗಾರ್ತನ ಚಿತ್ರ ಇಲ್ಲ. ಅಷ್ಟೇ ವ್ಯತ್ಯಾಸ.

ತಾಯಂದಿರು ಏನು ಬಿಟ್ಟುಹೋದರು ಅಂತ ಹೇಳದಿದ್ದರೆ ಈ ಬರಹ ಬರೆದೂ ವ್ಯರ್ಥ. ಕೂಸನ್ನು ಒಳಗೆ ಕೊಟ್ಟ ಕೂಡಲೇ ಅದರ ಹೆಸರು ಹೋಯಿತು. ಹೊಸ ಹೆಸರಿಟ್ಟು ಸ್ನಾನ ಮಾಡಿಸಿ ಕ್ರೈಸ್ತ ದೀಕ್ಷೆ ಕೊಡುತ್ತಿದ್ದರು. ಮೊದಮೊದಲು ಆಡಳಿತದ ದೊಡ್ಡಮನುಷ್ಯರು ತಮ್ಮದೇ ಹೆಸರುಗಳನ್ನು ಇಟ್ಟರು. ಮಕ್ಕಳು ಬೆಳೆದು, ನಾವು ನಿಮ್ಮ ಕಡೆಯವರೇ ಅಂತ ಹಕ್ಕು ಹೇಳಿಕೊಂಡು ಮನೆ ಬಾಗಿಲಿಗೆ ಬರತೊಡಗಿದಾಗ ಗಾಬರಿಯಾಗಿ, ಆಮೇಲೆ ಸಾಧಾರಣ ಹೆಸರುಗಳ ಪಟ್ಟಿ ಮಾಡಿದರು. ದಾನ ಮಾಡಬಹುದು, ಸಂಬಂಧ ಬೇಡ! ಮುಂದೆ ಯಾವತ್ತಾದರೂ ತಾಯಿ ಬಂದರೆ ಗುರುತು ಹಿಡಿಯಲಿಕ್ಕೆ ಅಂತ ಕೂಸಿನ ಫಾರಂ ಜೊತೆ ಒಂದು ಗುರುತು ಇಡುತ್ತಿದ್ದರು. ತೂತು ಮಾಡಿದ ಕಾಸು, ಬೀಗದ ಕೈ, ಉಂಗುರ, ಹೆಚ್ಚಾಗಿ ಬಟ್ಟೆಯ ತುಂಡು. ಕೂಸಿನ ಅಂಗಿಯಿಂದಲೋ ತಾಯಿಯ ಲಂಗದಿಂದಲೋ ಕತ್ತರಿಸಿದ್ದು. ಅಂಥ ತುಂಡುಗಳು ಸುಮಾರು 5,000 ಆ ದಫ್ತರಗಳಲ್ಲಿ ಉಳಿದಿವೆ. ಹದಿನೆಂಟನೇ ಶತಮಾನದ ಬಡವರು ಏನು ಉಡುತ್ತಿದ್ದರು ಅಂತ ತಿಳಿಯಬೇಕಾದರೆ ಇವತ್ತು ವಿದ್ವಾಂಸರು ಅಲ್ಲಿಗೇ ಹೋಗಬೇಕು. ಓದು ಬಾರದ ಹೆಣ್ಣು ಹಾಕಿದ ಹೆಬ್ಬೆಟ್ಟು ಅದು.

1767ರಲ್ಲಿ ಒಬ್ಬ ತಾಯಿ ಸಣ್ಣ ಸಣ್ಣ ಚಿಂದಿಗಳನ್ನು ಜೋಡಿಸಿ ಹೊಲಿದ ಕೌದಿಯಂಥ ತುಂಡೊಂದನ್ನು ತಂದಳು. ಅದರ ಮೇಲೆ ಕೆಂಪು ದಾರದಲ್ಲಿ ಒಂದು ಹೃದಯ. ಸರಿಯಾಗಿ ನಡುವೆ ಕತ್ತರಿಸಿ ಅರ್ಧ ಗಂಡುಕೂಸಿನ ಜೊತೆ ಇಟ್ಟಳು, ಅರ್ಧ ತನ್ನ ಹತ್ತಿರ. ಎಂಟು ವರ್ಷವಾದ ಮೇಲೆ, 1775ರಲ್ಲಿ, ತನ್ನ ಅರ್ಧ ಹಿಡಿದು ಅದೇ ಗೇಟಿಗೆ ಬಂದಳು. ಹುಡುಗ ಬದುಕಿದ್ದ. ಕರೆದುಕೊಂಡು ಹೋದಳು. ಇದನ್ನು ಓದಿ ನಮ್ಮ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆದರೆ ಸಿನಿಮಾದ ಹಾಗೆ ಇಲ್ಲಿಗೇ ಶುಭಂ ಅನ್ನಬೇಡಿ. 1741ರಿಂದ 1760ರವರೆಗೆ ಒಳಗೆ ಹೋದ 16,282 ಕೂಸುಗಳಲ್ಲಿ ಹೀಗೆ ವಾಪಸು ತಾಯಿಯ ಕೈ ಸೇರಿದ್ದು ಬರೀ 152. ಇನ್ನೂ ಒಂದು ಮಾತಿದೆ. 1860ರ ದಶಕದಲ್ಲಿ, ನೋಡಲು ಬರುವ ಜನಕ್ಕೆ ಚೆನ್ನಾಗಿರುತ್ತದೆ ಅಂತ ಎಷ್ಟೋ ಗುರುತುಗಳನ್ನು ಫಾರಂಗಳಿಂದ ಕಿತ್ತು ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟರು. ಯಾವ ಗುರುತು ಯಾವ ಕೂಸಿನದು ಅನ್ನುವ ಕೊಂಡಿಯೇ ಕಡಿದುಹೋಯಿತು. ಪ್ರದರ್ಶನಕ್ಕಾಗಿ ಸಾಕ್ಷಿ ನಾಶ!

ಈ ಗೇಟಿಗೆ ನಮ್ಮ ನೆಲದ ಕಾಸೂ ಹೋಗಿದೆ. ಕಲ್ಕತ್ತದ ವ್ಯಾಪಾರಿ ಉಮಿಚಂದ್, 1757ರ ಪ್ಲಾಸಿ ಯುದ್ಧದ ಹೊತ್ತಿಗೆ ಕ್ಲೈವ್ ಎರಡು ಒಪ್ಪಂದ ಬರೆದು, ಕೆಂಪು ಕಾಗದದ ಸುಳ್ಳು ಪ್ರತಿ ತೋರಿಸಿ ಟೋಪಿ ಹಾಕಿದನಲ್ಲ, ಅವನೇ, ಈ ಆಸ್ಪತ್ರೆಗೂ ಲಂಡನ್ನಿನ ಇನ್ನೊಂದು ಆಸರೆಮನೆಗೂ ಸೇರಿ 37,500 ರೂಪಾಯಿ ಮರಣಪತ್ರದಲ್ಲಿ ಬರೆದಿಟ್ಟ. ಪೂರ್ತಿ ತಲುಪಲಿಲ್ಲ, ಒಂದಷ್ಟು ತಲುಪಿತು. ಉಮಿಚಂದ್ ನಮ್ಮವನೇನಲ್ಲ, ಬಡ್ಡಿ ದುಡ್ಡಿನ ದಣಿ. ಆದರೆ ಆ ರೂಪಾಯಿ ಅವನ ಬೆವರಿನದಾ? 1770ರ ಬರದಲ್ಲಿ ಬಂಗಾಳದ ಕೇರಿಗಳು ಬರಿದಾದಾಗ ಅಲ್ಲಿನ ಕೂಸುಗಳಿಗೆ ಯಾವ ಕಂಪನಿಯೂ ಬುಟ್ಟಿ ತೂಗುಹಾಕಲಿಲ್ಲ. ಈ ಆಸ್ಪತ್ರೆಯೊಳಗೆ ಏಷ್ಯಾ ಆಫ್ರಿಕಾ ಮೂಲದ ಮಕ್ಕಳೂ ಇದ್ದರು ಅಂತ ಹಳೇ ದಫ್ತರ ಹುಡುಕಿ 2022ರಲ್ಲಿ ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಒಂದು ಪ್ರದರ್ಶನ ಮಾಡಿದರು. ಅಷ್ಟು ದಿನ ಯಾರೂ ಅವರನ್ನು ಎಣಿಸಿರಲಿಲ್ಲ.

1926ರಲ್ಲಿ ಊರ ನಡುವಿನ ಜಾಗಕ್ಕೆ ಭಾರಿ ಬೆಲೆ ಬಂತು. ಆಡಳಿತದವರು ಮಾರಿದರು, ಮಕ್ಕಳನ್ನು ಊರ ಹೊರಗೆ ಸಾಗಿಸಿದರು. ಕಟ್ಟಡ ನೆಲಸಮ. ಹ್ಯಾಂಡಲ್ ನುಡಿಸಿದ ಚರ್ಚೂ ಹೋಯಿತು. ಉಳಿದದ್ದು ಗೇಟಿನ ಪಕ್ಕದ ಕಾವಲು ಮನೆಗಳು, ಕಂಬಸಾಲು. ನಮಗಿದು ಆಶ್ಚರ್ಯ ಅನಿಸಲಿಲ್ಲ. ಆಸ್ಪತ್ರೆ ಹೋಗಿ ಗೇಟು ಉಳಿಯಿತು ಅಂದರೆ ಮುಖ್ಯವಾದದ್ದೇ ಉಳಿಯಿತು. ಮಲಗುವ ಕೋಣೆ, ಅಡಿಗೆಮನೆ ಎಲ್ಲ ಕಡೆಯೂ ಒಂದೇ. ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನವಾದದ್ದು ಗೇಟಿನಲ್ಲಿ. ಅಲ್ಲಿನ ಜನ, ಜಾನೆಟ್ ಟ್ರೆವೆಲ್ಯನ್ ಎಂಬ ಹೆಣ್ಣುಮಗಳ ಮುಂದಾಳತ್ವದಲ್ಲಿ, ಈ ಬಯಲಿನಲ್ಲಿ ಮತ್ತೆ ಕಟ್ಟಡ ಏಳಬಾರದು, ಮಕ್ಕಳಿಗೆ ಬಿಡಬೇಕು ಅಂತ ಚಳವಳಿ ಮಾಡಿದರು. ದೊಡ್ಡವರ ಹಣವೂ ಬಂತು, ಚಿಲ್ಲರೆ ಕಾಸೂ ಕೂಡಿತು. 1936ರಲ್ಲಿ ಕೋರಮ್ಸ್ ಫೀಲ್ಡ್ಸ್ ಅಂತ ಬಯಲು ತೆರೆಯಿತು. ನಮ್ಮ ಗೆಳೆಯನನ್ನು ತಡೆದ ಬೋರ್ಡು ಅದರದು.

ಈಗ ನೋಡಿ. ಒಂದು ಕಾಲಕ್ಕೆ ಹೆಣ್ಣು ಕೂಸಿನ ಜೊತೆ ಬಂದು ಕೂಸಿಲ್ಲದೆ ಹೋಗಬೇಕಾಗಿದ್ದ ಗೇಟು, ಇವತ್ತು ಕೂಸಿಲ್ಲದೆ ಬಂದವರನ್ನು ಒಳಗೇ ಬಿಡುವುದಿಲ್ಲ. ಗೇಟು ಇರುವ ಜಾಗ ಅದೇ. ಬೀಗದ ಕೈ ಯಾರ ಪರವಾಗಿ ತಿರುಗುತ್ತದೆ ಅನ್ನುವುದು ಬದಲಾಗಿದೆ. ಗಟ್ಟಿಮುಟ್ಟಾದವನನ್ನು ಹೊರಗೆ ನಿಲ್ಲಿಸಿ ಎಳೆಯರಿಗೆ ಜಾಗ ಬಿಡುವ ಗೇಟಿನ ಮೇಲೆ ನಮಗೆ ಸಿಟ್ಟಿಲ್ಲ. ಅಂಥ ಗೇಟು ನಮ್ಮ ಅಂಗನವಾಡಿಗಳಿಗೂ ಬೇಕು.

ಎಲ್ಲ ಬೇಲಿಯೂ ಹೀಗಲ್ಲ. ಎರಡನೇ ಮಹಾಯುದ್ಧದಲ್ಲಿ ಕಬ್ಬಿಣ ಬೇಕು ಅಂತ ಲಂಡನ್ನಿನ ಎಷ್ಟೋ ಉದ್ಯಾನಗಳ ಸರಳಿನ ಬೇಲಿ ಕಿತ್ತರು. ಬಡವರ ಮಕ್ಕಳು ಮೊದಲ ಸಲ ಒಳಗೆ ಕಾಲಿಟ್ಟವು. ಯುದ್ಧ ಮುಗಿಯುವ ಮೊದಲೇ ದಣಿಗಳು ಮತ್ತೆ ಬೇಲಿ ಹಾಕಿಸತೊಡಗಿದರು. 1944ರಲ್ಲಿ ಜಾರ್ಜ್ ಆರ್ವೆಲ್, ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನು, ಟ್ರಿಬ್ಯೂನ್ ಪತ್ರಿಕೆಯಲ್ಲಿ ಇದನ್ನು ಬಯಲಿಗೆಳೆದ. ಬೀಗದ ಕೈ ಇದ್ದವರಿಗೆ ತೋಟ, ಇಲ್ಲದ ಮಕ್ಕಳಿಗೆ ಬೀದಿ ಅನ್ನುವುದು ಅವನ ತಕರಾರಾಗಿತ್ತು. ಆಸ್ತಿ ಹಕ್ಕಿನ ಮಾತೆತ್ತಿ ಬರೆದ ಓದುಗನಿಗೆ, ಆ ನೆಲ ಮೊದಲು ಯಾರಿಂದ ಕಸಿದದ್ದು ಅಂತ ಉತ್ತರವನ್ನೂ ಕೊಟ್ಟ.

ಹಳೇ ಗೇಟು, ಕಾವಲು ಮನೆ, ಕಂಬಿಬೇಲಿಗಳನ್ನು ಪಾರಂಪರಿಕ ಪಟ್ಟಿಗೆ ಸೇರಿಸಿ ಕಾಪಾಡುವ ಪದ್ಧತಿ ಆ ದೇಶದಲ್ಲಿ 1940ರ ದಶಕದ ಕಾನೂನುಗಳಿಂದ ಬಂದದ್ದು. ಪಟ್ಟಿಗೆ ಸೇರಿದ ಕಂಬವನ್ನು ಅಪ್ಪಣೆ ಇಲ್ಲದೆ ಯಾರೂ ಕದಲಿಸುವಂತಿಲ್ಲ. ನಮ್ಮಲ್ಲೇ ಕೆಲವರು, ಅಂಥ ಗೇಟುಗಳನ್ನೆಲ್ಲ ಒಡೆದು ಹಾಕಬೇಕು, ಗುಲಾಮಗಿರಿಯ ಗುರುತು ಅನ್ನುತ್ತಾರೆ. ನಾವು ಒಪ್ಪುವುದಿಲ್ಲ. ಒಡೆದರೆ ಲಾಭ ಯಾರಿಗೆ? ಗೋಲಿ ಎತ್ತಿಸಿದವರಿಗೆ. ಸಾಕ್ಷಿ ಹೋಯಿತಲ್ಲ! ಇನ್ನು ಕೆಲವರು ಗೇಟಿನ ಮುಂದೆ ನಿಂತು ಎಂಥ ಗಾರೆ ಕೆಲಸ, ಎಂಥ ಕಂಬ, ಆ ಕಾಲದವರ ದಯೆ ಎಂಥದು ಅಂತ ಬಾಯಿಬಿಡುತ್ತಾರೆ. ಇವರ ಜೊತೆಯೇ ನಮ್ಮ ಜಗಳ. 2004ರಲ್ಲಿ ಪಕ್ಕದಲ್ಲೇ ತೆರೆದ ಮ್ಯೂಸಿಯಮ್ಮು ತಾಯಂದಿರ ಕಥೆಯನ್ನು ಮುಚ್ಚಿಟ್ಟಿಲ್ಲ, ಅದನ್ನು ಮೆಚ್ಚಬೇಕು. ಆದರೆ ಮ್ಯೂಸಿಯಮ್ಮಿನ ಒಳಗೆ ಹೋಗದೆ ಬೀದಿಯಲ್ಲಿ ನಡೆದುಹೋಗುವವನೂ ಓದುವ ಹಾಗೆ ಅಂಕಿಗಳು ಗೇಟಿನ ಮೈಮೇಲೇ ಇರಬೇಕು: ಮೊದಲ ದಿನ 117, ನಾಲ್ಕು ವರ್ಷಕ್ಕೆ 14,934, ಬದುಕಿದವರು 4,400, ತಾಯಿಗೆ ಸಿಕ್ಕವರು 152. ಕೆತ್ತಿದರೆ ಕಲ್ಲೇನೂ ಕೆಡುವುದಿಲ್ಲ.

ಗೆಳೆಯನಿಗೆ ಉತ್ತರ ಬರೆದಿದ್ದೇವೆ. ಜೊತೆಗೆ ಓದುವವರ ಮಗು ಯಾವುದಾದರೂ ಇದ್ದರೆ ಅಪ್ಪ ಅಮ್ಮನ್ನ ಕೇಳಿ ಕೈ ಹಿಡಿದುಕೊಂಡು ಇನ್ನೊಂದು ಸಲ ಹೋಗು, ಒಳಗೆ ಕೂತು ಬುತ್ತಿ ಉಣ್ಣು, ಬರುವಾಗ ಗೇಟಿನ ಹೊರಬದಿಯಲ್ಲಿ ಒಂದು ನಿಮಿಷ ನಿಲ್ಲು ಅಂತ.

ಓದುಗರಲ್ಲಿ ಒಂದು ಕೆಲಸ ಕೇಳುತ್ತೇವೆ. ನಿಮ್ಮ ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಯ ಗೇಟಿನ ಹತ್ತಿರ ಒಂದು ಬೆಳಿಗ್ಗೆ ನಿಲ್ಲಿ. ಮೇಷ್ಟ್ರುಗಳಿಗೆ ಭಾನುವಾರ ಬಿಡುವಿರುತ್ತದೆ. ವಾಚ್‌ಮನ್ ಯಾರನ್ನು ತಡೆದ, ಯಾರಿಗೆ ಸೆಲ್ಯೂಟ್ ಹೊಡೆದು ಬಿಟ್ಟ, ಯಾವ ಚೀಟಿ ಕೇಳಿದರು, ಚೀಟಿ ಇಲ್ಲದವರು ಎಷ್ಟು ಹೊತ್ತು ಬಿಸಿಲಲ್ಲಿ ಕೂತರು, ಎಲ್ಲಿ ಕೂತರು, ಬರೆದು ಕಳಿಸಿ. ವಾಚ್‌ಮನ್ನನನ್ನು ಬೈಯಬೇಡಿ, ಅವನೂ ನಮ್ಮ ಕೇರಿಯವನೇ ಇರಬಹುದು, ಗುತ್ತಿಗೆ ಸಂಬಳದವನು. ರೋಗಿಗಳ ಹೆಸರು ಬೇಡ. ಗೇಟು, ತಾರೀಖು, ಗಂಟೆ, ಕೇಳಿದ ಕಾಗದ ಇಷ್ಟಿದ್ದರೆ ಸಾಕು. ಕಾರ್ಡಿನಲ್ಲಿ ಬರೆದರೂ ಹಾಕುತ್ತೇವೆ.